ಬೆಂಗಳೂರಿನಲ್ಲಿ ಓದುವವರಿಗೆ ಕಡಿಮೆ ಕಾಸಿನಲ್ಲಿ ನಾಟಕ, ಕಛೇರಿ, ಚಿತ್ರಸಂತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸ್ಟೆಲ್ಲಲ್ಲೋ ಪಿಜಿಯಲ್ಲೋ ಇದ್ದುಕೊಂಡು ಓದುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ದರ ಮತ್ತು ಸಮಯ ಆಗಾಗ ಬದಲಾಗುತ್ತಿರುತ್ತವೆ, ಹೊರಡುವ ಮುಂಚೆ ಒಮ್ಮೆ ಖಚಿತ ಮಾಡಿಕೊಳ್ಳಿ.

ತಿಂಗಳಿಗೆ ಎಷ್ಟು ದುಡ್ಡು ಎತ್ತಿಡಬೇಕು?

ಐನೂರು ರೂಪಾಯಿ ಎತ್ತಿಟ್ಟರೆ ತಿಂಗಳಿಗೆ ನಾಲ್ಕೈದು ಸಂಜೆ ಆರಾಮಾಗಿ ಕಳೆಯಬಹುದು. ಒಂದು ಟಿಕೆಟ್ ನಾಟಕ, ಎರಡು ಮೂರು ಉಚಿತ ಕಾರ್ಯಕ್ರಮ, ಒಂದು ಗ್ಯಾಲರಿ, ಮೇಲೊಂದಿಷ್ಟು ಕಾಫಿ ತಿಂಡಿ. ಈ ಊರಲ್ಲಿ ಕಾಸು ನುಂಗುವುದು ಟಿಕೆಟ್ ಅಲ್ಲ, ಓಡಾಟ. ನೂರೈವತ್ತು ರೂಪಾಯಿಯ ನಾಟಕಕ್ಕೆ ಹೋಗಿ ರಾತ್ರಿ ವಾಪಸ್ ಬರಲು ಮುನ್ನೂರು ಕೊಟ್ಟು ಆಟೊ ಹತ್ತಿದರೆ ಲೆಕ್ಕ ತಲೆಕೆಳಗಾಗುತ್ತದೆ. ಹಾಗಾಗಿ ಮೊದಲು ನೋಡಬೇಕಾದ್ದು ಏನು ನಡೆಯುತ್ತಿದೆ ಅಂತಲ್ಲ, ಅದು ಮುಗಿಯುವುದು ಎಷ್ಟು ಹೊತ್ತಿಗೆ, ಅಲ್ಲಿಂದ ಬಸ್ಸೋ ಮೆಟ್ರೋ ಇದೆಯೇ ಅಂತ.

ಬಿಎಂಟಿಸಿ ವಿದ್ಯಾರ್ಥಿ ಪಾಸ್ ಇದ್ದರೆ ಅದರಲ್ಲಿ ನಮೂದಾಗಿರುವ ಮಾರ್ಗ ಯಾವುದು, ಸಂಜೆಯ ಓಡಾಟಕ್ಕೆ ನಡೆಯುತ್ತದೆಯೇ ನೋಡಿಕೊಳ್ಳಿ. ಕಂಡಕ್ಟರ್ ಜೊತೆ ವಾದಕ್ಕಿಳಿಯುವ ಹೊತ್ತಿಗೆ ನಾಟಕ ಶುರುವಾಗಿರುತ್ತದೆ. ರಾಜ್ಯದ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ ಉಚಿತ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಬೇಕು. ವಜ್ರದಂಥ ಎಸಿ ಬಸ್ಸಿಗೆ ಇದು ನಡೆಯುವುದಿಲ್ಲ. ಉಳಿದವರು ಒಂದೇ ದಿನ ಎರಡು ಮೂರು ಕಡೆ ಸುತ್ತುವುದಿದ್ದರೆ ದಿನದ ಪಾಸ್ ತೆಗೆಸಿ. 2025ರ ಪರಿಷ್ಕರಣೆಯ ನಂತರ ಸಾಮಾನ್ಯ ಬಸ್ಸಿನ ಪಾಸಿಗೆ 80 ರೂಪಾಯಿ. ಮೆಟ್ರೋ ಅದೇ ವರ್ಷ ದುಬಾರಿಯಾಗಿದೆ, ದೂರದ ಪ್ರಯಾಣಕ್ಕೆ 90 ರೂಪಾಯಿವರೆಗೂ ಆಗುತ್ತದೆ.

ಪೂರ್ತಿ ಉಚಿತವಾದದ್ದು ಎಲ್ಲೆಲ್ಲಿ ಸಿಗುತ್ತದೆ?

ಬಸವನಗುಡಿಯಿಂದ ಶುರುಮಾಡಿ. ಬಿ.ಪಿ. ವಾಡಿಯಾ ರಸ್ತೆಯಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ 1945ರಿಂದ ಉಪನ್ಯಾಸ, ಸಂಗೀತ, ನೃತ್ಯ ಕಾರ್ಯಕ್ರಮಗಳನ್ನು ಉಚಿತವಾಗಿ ನಡೆಸಿಕೊಂಡು ಬಂದಿದೆ. ಒಳ್ಳೆಯ ಗ್ರಂಥಾಲಯವೂ ಅಲ್ಲೇ ಇದೆ. ಬುಲ್ ಟೆಂಪಲ್ ರಸ್ತೆಯ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಡಿ.ವಿ. ಗುಂಡಪ್ಪನವರು ಕಟ್ಟಿದ್ದು. ಅಲ್ಲಿ ಕಾವ್ಯ, ಇತಿಹಾಸ, ಸಂಗೀತದ ಬಗ್ಗೆ ಉಪನ್ಯಾಸಗಳು ನಡೆಯುತ್ತವೆ. ಸಭಿಕರಲ್ಲಿ ಹೆಚ್ಚಿನವರು ನಿಮ್ಮ ತಾತನ ವಯಸ್ಸಿನವರು. ಅದಕ್ಕೆ ಹಿಂಜರಿಯಬೇಡಿ, ಕಾಲೇಜಿನ ಹುಡುಗರು ಬಂದರೆ ಅವರಿಗೇ ಖುಷಿ.

ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲಿ ಹೆಚ್ಚಿನ ಕಾರ್ಯಕ್ರಮಗಳಿಗೆ ಟಿಕೆಟ್ ಇಲ್ಲ. ಅವರ ಜಾಲತಾಣದಲ್ಲಿ ಮೊದಲೇ ಹೆಸರು ನೋಂದಾಯಿಸುವುದು ವಾಡಿಕೆ. ನೋಂದಾಯಿಸಿದ ಮಾತ್ರಕ್ಕೆ ಕುರ್ಚಿ ನಿಮ್ಮದಾಗುವುದಿಲ್ಲ, ಹೆಸರಾಂತರು ಬರುವ ದಿನ ಅರ್ಧ ಗಂಟೆ ಮುಂಚೆ ಇರಬೇಕು. ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿರುವ ಮ್ಯಾಕ್ಸ್ ಮುಲ್ಲರ್ ಭವನ ಮತ್ತು ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲೂ ಸಿನಿಮಾ, ಪ್ರದರ್ಶನಗಳು ಆಗಾಗ ಉಚಿತವಾಗಿ ಇರುತ್ತವೆ.

ಇನ್ನು ಜೆ.ಸಿ. ರಸ್ತೆ. ಅಲ್ಲಿ 1963ರಲ್ಲಿ ಶುರುವಾದ ರವೀಂದ್ರ ಕಲಾಕ್ಷೇತ್ರ, ಅದರ ಹಿಂದೆ ಸಂಸ ಬಯಲು ರಂಗಮಂದಿರ, ಪಕ್ಕದ ಕನ್ನಡ ಭವನದಲ್ಲಿ ನಯನ ಸಭಾಂಗಣ, ಎದುರಿಗೆ ಸ್ವಲ್ಪ ದೂರದಲ್ಲಿ ಎಡಿಎ ರಂಗಮಂದಿರ. ನಾಲ್ಕೂ ನಡೆದು ಮುಟ್ಟುವಷ್ಟು ಹತ್ತಿರ. ಒಂದು ಕಡೆ ಬರೀ ಸನ್ಮಾನ ನಡೆಯುತ್ತಿದ್ದರೆ ಇನ್ನೊಂದು ಕಡೆ ನಾಟಕ ಇರುವ ಸಾಧ್ಯತೆ ಇದೆ. ಏನೂ ಗೊತ್ತಿಲ್ಲದೆ ಸಂಜೆ ಆರೂವರೆಗೆ ಹೋಗಿ ನಿಂತರೂ ಬರಿಗೈಲಿ ವಾಪಸಾಗುವುದು ಕಡಿಮೆ.

ಆಮಂತ್ರಣ ಪತ್ರಿಕೆ ನಮಗೆ ಬಂದಿಲ್ಲ. ಸುಮ್ಮನೆ ಹೋಗಿ ಕೂರಬಹುದಾ?

"ಸರ್ವರಿಗೂ ಆದರದ ಸ್ವಾಗತ" ಎಂದೋ "ಪ್ರವೇಶ ಉಚಿತ" ಎಂದೋ ಇದ್ದರೆ ಖಂಡಿತ ಹೋಗಬಹುದು. ಯಾರೂ ತಡೆಯುವುದಿಲ್ಲ, ಯಾರ ಕಡೆಯವರು ಅಂತ ಕೇಳುವುದೂ ಇಲ್ಲ. ಮುಂದಿನ ಒಂದೆರಡು ಸಾಲು ಗಣ್ಯರಿಗೆ ಮೀಸಲು. ಅಲ್ಲಿ ಕೂತರೆ ಎಬ್ಬಿಸುತ್ತಾರೆ, ಅಷ್ಟೇ. "ಪ್ರವೇಶ ಪತ್ರ ಇದ್ದವರಿಗೆ ಮಾತ್ರ" ಎಂದಿದ್ದರೆ ಪಾಸ್ ಬೇಕು. ಆಗಲೂ ಸಂಘಟಕರ ನಂಬರಿಗೆ ಹಿಂದಿನ ದಿನ ಫೋನ್ ಮಾಡಿ "ನಾವು ಇಂಥ ಕಾಲೇಜಿನವರು, ಇಷ್ಟು ಜನ ಬರ್ತೀವಿ" ಎಂದರೆ ಬಹಳ ಸಲ ಪಾಸ್ ತೆಗೆದಿಟ್ಟಿರುತ್ತಾರೆ. ಖಾಲಿ ಕುರ್ಚಿಗಿಂತ ವಿದ್ಯಾರ್ಥಿಗಳು ಮೇಲು ಅನ್ನುವುದು ಎಲ್ಲ ಸಂಘಟಕರ ಲೆಕ್ಕ.

ಆಮಂತ್ರಣ ಪತ್ರಿಕೆಯಲ್ಲಿ ಸಂಜೆ 5:30 ಅಂತಿತ್ತು, ಏಳಾದರೂ ನಾಟಕ ಶುರುವಾಗಲಿಲ್ಲ. ಯಾಕೆ?

ವೇದಿಕೆ ಕಾರ್ಯಕ್ರಮ. ಇಲಾಖೆಯ ಅಥವಾ ಅಕಾಡೆಮಿಯ ನೆರವಿನಲ್ಲಿ ನಡೆಯುವ ಉತ್ಸವಗಳಲ್ಲಿ ಮೊದಲು ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ, ಮುಖ್ಯ ಅತಿಥಿಗಳ ಭಾಷಣ, ಶಾಲು ಹಾರ, ಅಧ್ಯಕ್ಷರ ನುಡಿ, ವಂದನಾರ್ಪಣೆ. ಮಂತ್ರಿಗಳು ಬರುವುದಿದ್ದರೆ ಅವರ ದಾರಿ ಕಾಯುವ ಹೊತ್ತೂ ಸೇರುತ್ತದೆ. ಪತ್ರಿಕೆಯನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಅಭ್ಯಾಸ ಮಾಡಿಕೊಳ್ಳಿ. ಕೊನೆಯಲ್ಲಿ "ನಂತರ ನಾಟಕ" ಎಂದಷ್ಟೇ ಇದ್ದರೆ ಒಂದು ಗಂಟೆ ಸೇರಿಸಿಕೊಳ್ಳಿ. ನಾಟಕಕ್ಕೆ ಬೇರೆ ಸಮಯ ಕೊಟ್ಟಿದ್ದರೆ ಹದಿನೈದು ನಿಮಿಷ ಸಾಕು. ವೇದಿಕೆಯ ಮೇಲೆ ಎಂಟಕ್ಕಿಂತ ಹೆಚ್ಚು ಹೆಸರುಗಳಿದ್ದರೆ ಕ್ಯಾಂಟೀನಿನಲ್ಲಿ ನಿಧಾನಕ್ಕೆ ಕಾಫಿ ಕುಡಿಯಬಹುದು.

ಹವ್ಯಾಸಿ ತಂಡಗಳು ತಾವೇ ಟಿಕೆಟ್ ಇಟ್ಟು ಮಾಡುವ ಪ್ರದರ್ಶನಕ್ಕೆ ಈ ಲೆಕ್ಕ ಹಿಡಿಯಬೇಡಿ, ಅವು ಹೇಳಿದ ಹೊತ್ತಿಗೆ ಶುರುವಾಗುತ್ತವೆ.

ರಂಗಶಂಕರದಲ್ಲಿ ಎರಡೇ ನಿಮಿಷ ತಡವಾದರೂ ಒಳಗೆ ಬಿಡಲಿಲ್ಲ. ಟಿಕೆಟ್ ದುಡ್ಡು ವಾಪಸ್ ಬರುತ್ತದಾ?

ಬರುವುದಿಲ್ಲ. ಜೆ.ಪಿ. ನಗರ ಎರಡನೇ ಹಂತದಲ್ಲಿ, ಶಂಕರ್ ನಾಗ್ ನೆನಪಿನಲ್ಲಿ 2004ರಲ್ಲಿ ತೆರೆದ ಈ ರಂಗಮಂದಿರದಲ್ಲಿ ಸೋಮವಾರ ಬಿಟ್ಟು ಹೆಚ್ಚುಕಮ್ಮಿ ದಿನವೂ ನಾಟಕವಿರುತ್ತದೆ, ಸಂಜೆ 7:30ಕ್ಕೆ. ಮೂರನೇ ಗಂಟೆ ಹೊಡೆದು ಬಾಗಿಲು ಹಾಕಿದರೆ ಮುಗಿಯಿತು, ಯಾರೇ ಬಂದರೂ ತೆರೆಯುವುದಿಲ್ಲ. ಇದು ಒರಟುತನ ಅನ್ನಿಸಬಹುದು. ಆದರೆ ಅಲ್ಲಿ ರಂಗಕ್ಕೂ ಮೊದಲ ಸಾಲಿಗೂ ನಡುವೆ ಕೆಲವೇ ಅಡಿ. ಕತ್ತಲಲ್ಲಿ ಒಬ್ಬ ಮೊಬೈಲ್ ದೀಪ ಹಿಡಿದು ಮೆಟ್ಟಿಲಿಳಿದರೆ ನಟನ ಮೊದಲ ಮಾತೇ ಹೋಗುತ್ತದೆ.

ಆಸನಗಳಿಗೆ ಸಾಮಾನ್ಯವಾಗಿ ನಂಬರ್ ಇರುವುದಿಲ್ಲ, ಮೊದಲು ಬಂದವರಿಗೆ ಮೊದಲು. ಏಳು ಗಂಟೆಗೆ ಸಾಲು ಕಟ್ಟಲು ಶುರು. ತಿಂಡಿ ಒಳಗೆ ಒಯ್ಯುವಂತಿಲ್ಲ. ಹಾಗಾಗಿ ಆರೂವರೆಗೇ ತಲುಪಿ ಅಲ್ಲಿನ ಕೆಫೆಯಲ್ಲಿ ಬಿಸಿ ಅಕ್ಕಿರೊಟ್ಟಿ ತಿಂದು ಸಾಲಿಗೆ ನಿಲ್ಲುವುದು ಹಳಬರ ಕ್ರಮ. ನಾಟಕ ಮುಗಿದ ಮೇಲೆ ತಿನ್ನೋಣ ಅಂದುಕೊಂಡರೆ ಒಂಬತ್ತೂವರೆಗೆ ಬಸ್ ಹಿಡಿಯುವ ಅವಸರ.

ತಡವಾಗುವುದು ಸಾಮಾನ್ಯವಾಗಿ ಕೊನೆಯ ಎರಡು ಕಿಲೋಮೀಟರಿನಲ್ಲಿ. ಹಸಿರು ಮಾರ್ಗದ ಮೆಟ್ರೋದಲ್ಲಿ ಜೆ.ಪಿ. ನಗರಕ್ಕೋ ಬನಶಂಕರಿಗೋ ಬೇಗ ಬಂದುಬಿಡುತ್ತೀರಿ. ಅಲ್ಲಿಂದ ಆಟೊ ಸಿಗದೆ, ಸಿಕ್ಕಿದ್ದು ಸಿಗ್ನಲ್‌ನಲ್ಲಿ ನಿಂತು, 7:30 ದಾಟುತ್ತದೆ. ಮೆಟ್ರೋ ಇಳಿಯುವುದು 6:45ರ ಒಳಗೆ ಇರಲಿ, ಆಟೊ ಬಾರದಿದ್ದರೂ ನಡೆದೇ ತಲುಪಬಹುದು.

ಪಿಜಿ ಗೇಟು ಹತ್ತಕ್ಕೆ ಹಾಕುತ್ತಾರೆ. ಏನು ಮಾಡುವುದು?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದೇ. 7:30ರ ನಾಟಕ ಒಂದೂವರೆ ಗಂಟೆಯದಾದರೆ ಒಂಬತ್ತಕ್ಕೆ ಮುಗಿಯುತ್ತದೆ. ಜೆ.ಪಿ. ನಗರದಿಂದ ಯಶವಂತಪುರಕ್ಕೆ ಹತ್ತರೊಳಗೆ ಸೇರಿದರೆ ಅದೃಷ್ಟ, ಹೆಬ್ಬಾಳಕ್ಕಂತೂ ಆಗದ ಮಾತು. ಮೂರು ದಾರಿಗಳಿವೆ.

ವಾರಾಂತ್ಯದಲ್ಲಿ, ಅದರಲ್ಲೂ ಭಾನುವಾರ, ರಂಗಶಂಕರದಲ್ಲಿ ಮಧ್ಯಾಹ್ನ 3:30ಕ್ಕೂ ಪ್ರದರ್ಶನ ಇರುವುದುಂಟು. ಅದೇ ನಾಟಕ, ಅದೇ ತಂಡ, ಐದೂವರೆಗೆ ಹೊರಗೆ. ದೂರದಲ್ಲಿರುವವರು ಇದನ್ನೇ ಹಿಡಿಯಬೇಕು. ಎರಡನೆಯದು, ನೀವಿರುವ ಕಡೆಯ ರಂಗಮಂದಿರ ಹುಡುಕುವುದು: ಹನುಮಂತನಗರದವರಿಗೆ ಕೆ.ಎಚ್. ಕಲಾಸೌಧ, ಜ್ಞಾನಭಾರತಿ ಕಡೆಯವರಿಗೆ ಮಲ್ಲತ್ತಹಳ್ಳಿಯ ಕಲಾಗ್ರಾಮ, ಜಯನಗರದವರಿಗೆ ನ್ಯಾಷನಲ್ ಕಾಲೇಜಿನ ಎಚ್.ಎನ್. ಕಲಾಕ್ಷೇತ್ರ, ಮಲ್ಲೇಶ್ವರದವರಿಗೆ ಸೇವಾಸದನ. ಮೂರನೆಯದು ವಾರ್ಡನ್ ಜೊತೆ ಮಾತಾಡುವುದು. ಒಬ್ಬೊಬ್ಬರೇ ಕೇಳಿದರೆ ಆಗುವುದಿಲ್ಲ ಅನ್ನುತ್ತಾರೆ. ನಾಲ್ಕೈದು ಜನ ಸೇರಿ ಯಾವ ನಾಟಕ, ಎಲ್ಲಿ, ಮುಗಿಯುವುದು ಎಷ್ಟಕ್ಕೆ ಅಂತ ಒಂದು ಹಾಳೆಯಲ್ಲಿ ಬರೆದು ಟಿಕೆಟ್ ಜೊತೆಗೆ ಹಿಂದಿನ ದಿನವೇ ಕೊಟ್ಟರೆ ಒಪ್ಪುವ ಸಾಧ್ಯತೆ ಹೆಚ್ಚು. ಬಂದ ಮೇಲೆ ಕಾರಣ ಹೇಳುವುದು ಒಮ್ಮೆ ನಡೆಯುತ್ತದೆ, ಎರಡನೇ ಸಲ ನಡೆಯುವುದಿಲ್ಲ.

ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ ಕಡೆ ಓದುವವರಿಗೆ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗದಿಂದ ತುಂಬ ಅನುಕೂಲವಾಗಿದೆ. ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಬಸವನಗುಡಿ, ವಿ.ವಿ. ಪುರಂ ಎರಡೂ ಕೈಗೆಟುಕುತ್ತವೆ. ವಾಪಸಾಗುವಾಗ ಬದಲಾಯಿಸುವ ಮಾರ್ಗದ ಕೊನೆಯ ರೈಲು ಎಷ್ಟಕ್ಕೆ ಎಂಬುದನ್ನು ಮಾತ್ರ ಮೊದಲೇ ನೋಡಿಟ್ಟುಕೊಳ್ಳಿ. ಜನ ಸಿಕ್ಕಿಬೀಳುವುದು ಅಲ್ಲೇ.

ಟಿಕೆಟ್ ದರ ಇಳಿಸುವ ಉಪಾಯ ಇದೆಯಾ?

ಆನ್‌ಲೈನ್ ಬಿಟ್ಟು ಕೌಂಟರಿನಲ್ಲಿ ತೆಗೆದುಕೊಳ್ಳಿ. ಆನ್‌ಲೈನ್‌ನಲ್ಲಿ ಪ್ರತಿ ಟಿಕೆಟ್ಟಿಗೂ ಸೇವಾಶುಲ್ಕ ಸೇರುತ್ತದೆ, ಐದು ಜನಕ್ಕೆ ಅದೇ ಒಂದು ಟಿಕೆಟ್ಟಿನ ಹತ್ತಿರಕ್ಕೆ ಬರಬಹುದು. ಕಾಲೇಜಿನ ಗುರುತಿನ ಚೀಟಿ ಜೇಬಿನಲ್ಲಿರಲಿ. ರಿಯಾಯಿತಿ ಇದೆ ಅಂತ ಪೋಸ್ಟರಿನಲ್ಲಿ ಬರೆಯದಿದ್ದರೂ ಕೇಳಿದರೆ ಕೊಡುವ ತಂಡಗಳಿವೆ. ಹತ್ತು ಹದಿನೈದು ಜನ ಸೇರುವುದಿದ್ದರೆ ತಂಡದವರಿಗೇ ನೇರ ಫೋನ್ ಮಾಡಿ. ಜನ ಕಡಿಮೆ ಬರುವ ಮಂಗಳವಾರ, ಬುಧವಾರ ಈ ಮಾತು ಚೆನ್ನಾಗಿ ಸಾಗುತ್ತದೆ. ಹೊಸ ನಾಟಕದ ಮೊದಲ ಪ್ರದರ್ಶನಕ್ಕೆ ಕೇಳಬೇಡಿ. ಅಂದು ನಟರ ನೆಂಟರಿಷ್ಟರಿಂದಲೇ ಸಭಾಂಗಣ ತುಂಬಿರುತ್ತದೆ.

ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನ ತಿರುಗಾಟ ತಂಡ ವರ್ಷಕ್ಕೊಮ್ಮೆ ಎರಡು ಹೊಸ ನಾಟಕಗಳೊಂದಿಗೆ ಊರೂರು ಸುತ್ತುತ್ತದೆ. ಬೆಂಗಳೂರಿಗೆ ಬಂದಾಗ ಎರಡೂ ನಾಟಕ ನೋಡಿ. ಆ ದರಕ್ಕೆ ಅಷ್ಟು ಪಳಗಿದ ತಂಡ ಬೇರೆ ಸಿಗುವುದು ಕಷ್ಟ.

ರಾಗ ತಾಳ ಗೊತ್ತಿಲ್ಲ. ಕಛೇರಿಗೆ ಹೋಗಿ ಏನು ಮಾಡುವುದು?

ಕೇಳುವುದು. ಅದಕ್ಕೆ ಪರೀಕ್ಷೆ ಇಲ್ಲ. ಕರ್ನಾಟಕ ಸಂಗೀತ ಕಛೇರಿಯ ಕ್ರಮ ತಿಳಿದಿದ್ದರೆ ಅರ್ಧ ಬೇಸರ ಕಡಿಮೆಯಾಗುತ್ತದೆ. ಮೊದಲು ವರ್ಣವೋ ಚಿಕ್ಕ ಕೃತಿಯೋ. ಆಮೇಲೆ ಎರಡು ಮೂರು ಕೃತಿ, ನಡುವೆ ಒಂದು ಚುರುಕಿನದು. ಶುರುವಾಗಿ ಸುಮಾರು ಒಂದೂಕಾಲು ಗಂಟೆಯ ಹೊತ್ತಿಗೆ ಪ್ರಧಾನ ಕೃತಿ: ದೀರ್ಘ ಆಲಾಪನೆ (ಸಾಹಿತ್ಯವಿಲ್ಲದೆ ರಾಗ ಬೆಳೆಸುವುದು), ಪಿಟೀಲಿನವರ ಉತ್ತರ, ಕೃತಿ, ನೆರವಲ್ (ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವುದು), ಸ್ವರಪ್ರಸ್ತಾರ (ಸರಿಗಮಗಳಲ್ಲೇ ಹಾಡುವುದು). ಅದರ ಬೆನ್ನಿಗೆ ಮೃದಂಗ, ಘಟದವರ ತನಿ ಆವರ್ತನ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗ. ಕೊನೆಗೆ ದೇವರನಾಮ, ತಿಲ್ಲಾನ, ಮಂಗಳ.

ಹೊಸಬರಿಗೆ ಮೊದಲ ದಿನ ಕೈಹಿಡಿಯುವುದು ಎರಡು: ತನಿ ಮತ್ತು ದೇವರನಾಮ. ತನಿಯಲ್ಲಿ ಮುಂದೆ ಕೂತ ಹಿರಿಯರು ತೊಡೆ ಮೇಲೆ ಹಾಕುವ ತಾಳವನ್ನೇ ನೋಡುತ್ತಿರಿ. ಆದಿತಾಳವಾದರೆ ಒಂದು ಏಟು, ಕಿರುಬೆರಳಿಂದ ಮೂರು ಎಣಿಕೆ, ಆಮೇಲೆ ಏಟು ಬೀಸು, ಏಟು ಬೀಸು, ಒಟ್ಟು ಎಂಟು. ನಾಲ್ಕು ಸುತ್ತು ಜೊತೆಗೇ ಹಾಕಿದರೆ ಮೃದಂಗದವರು ಎಲ್ಲಿ ತಪ್ಪಿಸಿಕೊಂಡು ಹೋಗಿ ಎಲ್ಲಿ ಬಂದು ಸೇರುತ್ತಾರೆ ಅನ್ನುವ ಆಟ ಸಿಕ್ಕಿಬಿಡುತ್ತದೆ. ದೇವರನಾಮದಲ್ಲಂತೂ ಪುರಂದರದಾಸರೋ ಕನಕದಾಸರೋ, ಮಾತು ನಮ್ಮದೇ.

ಎದ್ದು ಹೋಗಬೇಕಿದ್ದರೆ ಒಂದು ಕೃತಿ ಮುಗಿದು ಚಪ್ಪಾಳೆ ಬೀಳುವಾಗ ಏಳಿ. ತನಿ ಶುರುವಾದ ಕೂಡಲೇ ಕಾಫಿಗೆ ಏಳುವ ಹಳೇ ಚಾಳಿ ಕೆಲವರಿಗಿದೆ. ನೀವು ಅದನ್ನು ಕಲಿಯಬೇಡಿ.

ರಾಮನವಮಿ ಸಂಗೀತೋತ್ಸವಕ್ಕೆ ವಿದ್ಯಾರ್ಥಿಗಳು ಹೇಗೆ ಹೋಗುತ್ತಾರೆ?

ಚೈತ್ರ ಬಂತೆಂದರೆ ಬೆಂಗಳೂರಿನ ಬಡಾವಣೆ ಬಡಾವಣೆಯಲ್ಲೂ ಪೆಂಡಾಲ್ ಏಳುತ್ತದೆ. ದೊಡ್ಡದು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ್ದು. ಶ್ರೀ ರಾಮಸೇವಾ ಮಂಡಳಿ 1939ರಲ್ಲಿ ಶುರುಮಾಡಿದ ಉತ್ಸವ, ತಿಂಗಳ ಆಸುಪಾಸು ನಡೆಯುತ್ತದೆ. ದೊಡ್ಡ ಹೆಸರಿನವರ ದಿನ ಟಿಕೆಟ್ ದುಬಾರಿ. ಕಿಸೆ ನೋಡಿಕೊಳ್ಳುವವರು ಹಿಂದಿನ ಸಾಲಿನ ಕಡಿಮೆ ದರದ ಟಿಕೆಟ್ ಹಿಡಿಯುತ್ತಾರೆ. ಪೆಂಡಾಲಿನ ಹಾಡು ಹೊರಗೂ ಕೇಳುತ್ತದೆ, ಚುರುಮುರಿ ಹಿಡಿದು ನಿಂತೇ ಕಛೇರಿ ಮುಗಿಸುವವರು ಹಿಂದಿನಿಂದಲೂ ಇದ್ದಾರೆ. ಬಡಾವಣೆಯ ಚಿಕ್ಕ ಪೆಂಡಾಲುಗಳಲ್ಲಿ ಬಹುಪಾಲು ಉಚಿತ, ಮೇಲೆ ಪಾನಕ, ಕೋಸಂಬರಿ, ನೀರುಮಜ್ಜಿಗೆ. ಬೇಸಿಗೆ ಮಳೆ ಒಂದೇ ಕಾಟ. ಆರು ಗಂಟೆಗೆ ಗುಡುಗಿದರೆ ಕಛೇರಿ ತಡವಾಗಬಹುದು, ಮೈಕಿನ ವಿದ್ಯುತ್ತೂ ಕೈಕೊಡಬಹುದು.

ಉಳಿದ ತಿಂಗಳುಗಳಲ್ಲಿ ಕೆ.ಆರ್. ರಸ್ತೆಯ ಬೆಂಗಳೂರು ಗಾಯನ ಸಮಾಜದ ಮೇಲೆ ಕಣ್ಣಿಡಿ. 1905ರ ಸಂಸ್ಥೆ, ಸಭಾಂಗಣದಲ್ಲಿ ಬೇರೆ ಬೇರೆ ಸಂಘಗಳ ಉಚಿತ ಕಛೇರಿಗಳೂ ನಡೆಯುತ್ತವೆ. ಮುಗಿಸಿಕೊಂಡು ನಡೆದು ಹೋದರೆ ವಿ.ವಿ. ಪುರಂ ತಿಂಡಿ ಬೀದಿ.

ಚಿತ್ರಸಂತೆಯಲ್ಲಿ ವಿದ್ಯಾರ್ಥಿ ಕೊಳ್ಳುವಂಥದ್ದು ಏನಾದರೂ ಸಿಗುತ್ತದಾ?

ಸಿಗುತ್ತದೆ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ಕುಮಾರಕೃಪಾ ರಸ್ತೆಯಲ್ಲಿ ನಡೆಸುತ್ತಿರುವ ಸಂತೆ, ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ. ಪ್ರವೇಶ ಉಚಿತ. ನೂರು ರೂಪಾಯಿಯ ಪುಟ್ಟ ಚಿತ್ರದಿಂದ ಲಕ್ಷದ ಕ್ಯಾನ್ವಾಸ್‌ವರೆಗೆ ಇರುತ್ತದೆ.

ಬೆಳಿಗ್ಗೆ ಒಂಬತ್ತಕ್ಕೆ ಹೋಗಿ. ಹನ್ನೊಂದರ ಮೇಲೆ ಚಿತ್ರ ಕಾಣುವುದಿಲ್ಲ, ಬೆನ್ನುಗಳೇ ಕಾಣುತ್ತವೆ. ಸಾವಿರಾರು ಜನರ ಫೋನು ಒಂದೇ ಟವರಿಗೆ ಬಿದ್ದು ಮಧ್ಯಾಹ್ನದ ಹೊತ್ತಿಗೆ ಯುಪಿಐ ಸುತ್ತುತ್ತಲೇ ಇರುತ್ತದೆ, ನಗದು ಒಯ್ಯಿರಿ. ಅಲ್ಲೇ ಕೂತು ಮುಖ ಬರೆದುಕೊಡುವವರು ಮೊದಲೇ ದರ ಹೇಳುತ್ತಾರೆ, ಹೇಳದಿದ್ದರೆ ಕೂರುವ ಮುಂಚೆ ಕೇಳಿ. ಚೌಕಾಸಿ ಮಾಡಬಹುದು, ಆದರೆ ಊರಿಂದ ರಾತ್ರಿ ಬಸ್ಸಿನಲ್ಲಿ ಚಿತ್ರ ಹೊತ್ತು ತಂದವರ ಹತ್ತಿರ ಅರ್ಧಕ್ಕೆ ಇಳಿಸುವುದು ಚೆನ್ನಾಗಿರುವುದಿಲ್ಲ. ಸಂಜೆ ಐದರ ಮೇಲೆ ವಾಪಸ್ ಒಯ್ಯುವ ತಾಪತ್ರಯಕ್ಕೆ ಅವರೇ ಇಳಿಸುತ್ತಾರೆ. ಒಳ್ಳೆಯದು ಅಷ್ಟು ಹೊತ್ತಿಗೆ ಉಳಿದಿರುವುದಿಲ್ಲ ಅನ್ನುವುದೂ ನಿಜ.

ಕ್ಯಾನ್ವಾಸ್ ಸುತ್ತಿಕೊಂಡು ಬರುವುದಾದರೆ ಬಣ್ಣದ ಮುಖ ಹೊರಗೆ ಬರುವಂತೆ, ಸಡಿಲವಾಗಿ, ದಪ್ಪ ಕೊಳವೆಯ ಮೇಲೆ ಸುತ್ತಿ. ಬಣ್ಣ ಒಳಗಾಗಿ ಬಿಗಿಯಾಗಿ ಸುತ್ತಿದರೆ ಪದರ ಮುದುಡಿ, ಬಿಚ್ಚಿದಾಗ ಬಿರುಕು ಬಿಡುತ್ತದೆ.

ಗ್ಯಾಲರಿ, ಮ್ಯೂಸಿಯಂ?

ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಪ್ರವೇಶ 20 ರೂಪಾಯಿ ಆಸುಪಾಸು, ಸೋಮವಾರ ರಜೆ. ಕಸ್ತೂರಬಾ ರಸ್ತೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ, ವೆಂಕಟಪ್ಪ ಚಿತ್ರಶಾಲೆ, 2023ರಲ್ಲಿ ತೆರೆದ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ) ಎಲ್ಲವೂ ಹತ್ತಿರ ಹತ್ತಿರ ಇವೆ. ಮ್ಯಾಪ್ ಉಳಿದೆರಡಕ್ಕಿಂತ ದುಬಾರಿ, ಉಚಿತ ಅಥವಾ ರಿಯಾಯಿತಿ ದಿನ ವಿಚಾರಿಸಿ. ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರು ಶಾಸನವಿದೆ. ಹತ್ತನೇ ಶತಮಾನದ್ದು, ಕಾಳಿ ಎಂಬ ನಾಯಿ ಹಂದಿಯೊಂದಿಗೆ ಕಾದಾಡಿ ಸತ್ತದ್ದನ್ನು ಬರೆದಿಟ್ಟ ಕಲ್ಲು. ವಸ್ತುಸಂಗ್ರಹಾಲಯವನ್ನು ದುರಸ್ತಿಗೆಂದು ಮುಚ್ಚುವುದುಂಟು, ತೆರೆದಿದೆಯೇ ಕೇಳಿಕೊಂಡು ಹೋಗಿ.

ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದ ಪಾಸ್ ತೆಗೆದುಕೊಂಡರೆ ಎಲ್ಲ ಸಿನಿಮಾ ನೋಡಬಹುದಾ?

ಪಾಸ್ ಇದ್ದರೆ ಸಾಲಿನಲ್ಲಿ ನಿಲ್ಲುವ ಹಕ್ಕು ಸಿಗುತ್ತದೆ, ಕುರ್ಚಿ ಅಲ್ಲ. ಇತ್ತೀಚಿನ ವರ್ಷಗಳಲ್ಲಿ ಸಾಮಾನ್ಯರಿಗೆ 800, ವಿದ್ಯಾರ್ಥಿಗಳಿಗೆ 400 ರೂಪಾಯಿ ಇತ್ತು. ವಾರವಿಡೀ ನೋಡುವುದಾದರೆ ಇದಕ್ಕಿಂತ ಅಗ್ಗ ಬೇರೆ ಇಲ್ಲ. ಪ್ರಶಸ್ತಿ ಗೆದ್ದ ಚಿತ್ರಕ್ಕೆ ಒಂದು ಗಂಟೆ ಮುಂಚೆಯೇ ಸಾಲು. ದಿನಕ್ಕೆ ಐದು ನೋಡುವ ಆಸೆ ಇಟ್ಟುಕೊಂಡರೆ ಮೂರನೆಯದರಲ್ಲಿ ನಿದ್ದೆ, ನಾಲ್ಕನೆಯದಕ್ಕೆ ಸೀಟಿಲ್ಲ. ಮೂರು ಸಾಕು. ವರ್ಷದ ಉಳಿದ ಹೊತ್ತಿಗೆ ಬನಶಂಕರಿಯ ಸುಚಿತ್ರ ಫಿಲಂ ಸೊಸೈಟಿ ಇದೆ, 1971ರಿಂದ.

ಯಕ್ಷಗಾನ ಬೆಂಗಳೂರಿನಲ್ಲಿ ಯಾವಾಗ?

ಮಳೆಗಾಲದಲ್ಲಿ. ಕರಾವಳಿಯಲ್ಲಿ ಮೇಳಗಳ ತಿರುಗಾಟ ಮುಗಿದ ಮೇಲೆ ಕಲಾವಿದರು ಇಲ್ಲಿಗೆ ಬರುತ್ತಾರೆ. ರವೀಂದ್ರ ಕಲಾಕ್ಷೇತ್ರದಲ್ಲಿ ರಾತ್ರಿ ಹತ್ತರ ಸುಮಾರಿಗೆ ಶುರುವಾಗಿ ಬೆಳಗಿನವರೆಗೆ ಆಟ. ಟಿಕೆಟ್ ನಾಟಕಕ್ಕಿಂತ ಜಾಸ್ತಿ, ಆದರೆ ರಾತ್ರಿಯಿಡೀ ನಡೆಯುವುದರಿಂದ ವಾಪಸ್ ಹೋಗುವ ಚಿಂತೆಯಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಹೊರಟರಾಯಿತು. ಮರುದಿನ ಬೆಳಿಗ್ಗೆ ಇಂಟರ್ನಲ್ಸ್ ಇಲ್ಲದಿರಲಿ.

ಕರಗ, ಕಡಲೆಕಾಯಿ ಪರಿಷೆಗೆ ಹೋಗುವವರು ಏನು ಗಮನಿಸಬೇಕು?

ಕರಗ ಚೈತ್ರ ಹುಣ್ಣಿಮೆಯ ರಾತ್ರಿ, ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವುದು ನಡುರಾತ್ರಿ ಕಳೆದ ಮೇಲೆ. ಹೇಳಿದ ಹೊತ್ತಿಗಿಂತ ಗಂಟೆಗಟ್ಟಲೆ ತಡವಾಗುವುದು ಮಾಮೂಲು. ಗುಡಿಯ ಬಾಗಿಲಲ್ಲಿ ನೂಕುನುಗ್ಗಲು, ಮೊಬೈಲ್ ಕಳೆದುಕೊಳ್ಳುವವರು ಹೆಚ್ಚಾಗಿ ಅಲ್ಲೇ. ಮುಂದಿನ ಬೀದಿಗಳಲ್ಲಿ ಒಂದು ಅಂಗಡಿ ಕಟ್ಟೆ ಹಿಡಿದು ಕೂತರೆ ಕರಗದ ಕಾವಲಿಗೆ ಜೊತೆ ಸಾಗುವ ವೀರಕುಮಾರರ ಕತ್ತಿ, ಮಲ್ಲಿಗೆಯ ಕರಗ ಎರಡೂ ಹತ್ತಿರದಿಂದ ಕಾಣುತ್ತವೆ. ಒಬ್ಬೊಬ್ಬರೇ ಹೋಗಬೇಡಿ, ಆ ಹೊತ್ತಲ್ಲಿ ಮೆಟ್ರೋ ಇರುವುದಿಲ್ಲ.

ಬಸವನಗುಡಿಯ ಪರಿಷೆ ಕಾರ್ತಿಕದ ಕೊನೆಯ ಸೋಮವಾರ. ಅಂದು ಕಾಲಿಡಲು ಜಾಗವಿರುವುದಿಲ್ಲ, ಮರುದಿನ ಹೋದರೆ ಕಡಲೆಕಾಯಿಯೂ ಅಗ್ಗ. ಜೊತೆಗೆ ವಿದ್ಯಾರ್ಥಿ ಭವನದ ದೋಸೆ ಅಂದುಕೊಂಡವರಿಗೆ ಒಂದು ಮಾತು: ಶುಕ್ರವಾರ ಅದು ರಜೆ.

ನೋಡಿದ್ದು ಸಾಕು, ತಂಡ ಸೇರಬೇಕು. ದುಡ್ಡು ಕೊಡಬೇಕಾ?

ಹವ್ಯಾಸಿ ತಂಡಗಳಲ್ಲಿ ಸಾಮಾನ್ಯವಾಗಿ ಇಲ್ಲ, ಕಾರ್ಯಾಗಾರಕ್ಕೆ ಶುಲ್ಕ ಇರಬಹುದು. ಕೊಡಬೇಕಾದ್ದು ಸಂಜೆಗಳು: ದಿನವೂ ಆರರಿಂದ ಒಂಬತ್ತು, ಒಂದೂವರೆ ಎರಡು ತಿಂಗಳು. ಸೆಮಿಸ್ಟರ್ ಪರೀಕ್ಷೆಯ ದಿನಾಂಕ ಮೊದಲ ದಿನವೇ ನಿರ್ದೇಶಕರಿಗೆ ಹೇಳಿ. ಪ್ರದರ್ಶನಕ್ಕೆ ಹತ್ತು ದಿನವಿರುವಾಗ ನಾಪತ್ತೆಯಾದವರನ್ನು ಮುಂದೆ ಯಾವ ತಂಡವೂ ಸೇರಿಸಿಕೊಳ್ಳುವುದಿಲ್ಲ, ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಮೊದಲ ನಾಟಕದಲ್ಲೇ ಪಾತ್ರ ಸಿಗದು. ಪರಿಕರ ಜೋಡಿಸುವುದು, ಬೆಳಕಿಗೆ ಕೈಜೋಡಿಸುವುದು, ಟಿಕೆಟ್ ಹರಿಯುವುದು ಸಿಗುತ್ತದೆ. ಇದರಲ್ಲೊಂದು ಲಾಭವಿದೆ: ಕೆಲಸಕ್ಕೆ ನಿಂತವರಿಗೆ ನಾಟಕ ಪುಕ್ಕಟೆ, ಅದೂ ಎಷ್ಟು ಸಲ ಬೇಕಾದರೂ.

ಏನೇನು ನಡೆಯುತ್ತಿದೆ ಅಂತ ತಿಳಿಯುವುದು ಹೇಗೆ?

ದಿನಪತ್ರಿಕೆಗಳ ಬೆಂಗಳೂರು ಪುಟದಲ್ಲಿ ಬರುವ "ನಗರದಲ್ಲಿ ಇಂದು" ಪಟ್ಟಿ ಈಗಲೂ ಎಲ್ಲಕ್ಕಿಂತ ಮೇಲು. ಆನ್‌ಲೈನ್‌ನಲ್ಲಿ ಕಾಣದ ಉಚಿತ ಕಾರ್ಯಕ್ರಮಗಳೆಲ್ಲ ಅಲ್ಲಿರುತ್ತವೆ. ಕಾಲೇಜು ಲೈಬ್ರರಿಯಲ್ಲಿ ಬೆಳಿಗ್ಗೆ ಒಂದು ಫೋಟೊ ತೆಗೆದು ಗೆಳೆಯರ ಗುಂಪಿಗೆ ಹಾಕಿದರೆ ಸಾಕು. ರಂಗಶಂಕರದ ತಿಂಗಳ ಪಟ್ಟಿ ಅವರ ಜಾಲತಾಣದಲ್ಲೂ ಕೌಂಟರಿನಲ್ಲೂ ಸಿಗುತ್ತದೆ. ಕಲಾಕ್ಷೇತ್ರದ ಆವರಣದಲ್ಲಿ ಅಂಟಿಸಿರುವ ಪೋಸ್ಟರುಗಳಲ್ಲಿ ಮುಂದಿನ ಎರಡು ವಾರ ಇರುತ್ತದೆ. ಹಳೆಯವನ್ನು ಯಾರೂ ಕಿತ್ತುಹಾಕುವುದಿಲ್ಲವಾದ್ದರಿಂದ ತಿಂಗಳು ಯಾವುದು ಅಂತ ನೋಡಿ ಓದಿ.